ಆರು ರಾತ್ರಿ, ಅರವತ್ತು ಕಿಲೋ ಮೆಣಸು: ಕೊಡಗಿನ ಒಂದು ಬಾಲಾಪರಾಧ ಪ್ರಕರಣ

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಕು ಹರಿಯುವ ಹೊತ್ತಿಗೆ, ಸಿದ್ದಾಪುರದ ಕಡೆಯ ಒಂದು ಗ್ರಾಮದಲ್ಲಿ ಹಾಲು ಹಾಕಲು ಹೊರಟವರಿಗೆ ಮೋರಿಯ ತಿರುವಿನಲ್ಲಿ ಡಾಂಬರಿನ ಮೇಲೆ ಕರಿಮೆಣಸು ಚೆಲ್ಲಿರುವುದು ಕಂಡಿತು. ಪಕ್ಕದಲ್ಲಿ ಒಂದು ಕಾಲಿನ ಚಪ್ಪಲಿ, ಇಂಡಿಕೇಟರಿನ ಚೂರು, ಒಣಗಿದ ರಕ್ತ. ಹಿಂದಿನ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಹೆಡ್‌ಲೈಟ್ ಆರಿಸಿಕೊಂಡು ಬಂದ ಬೈಕೊಂದು ಮೋರಿಯ ಕಟ್ಟೆಗೆ ಬಡಿದಿತ್ತು. ಹಿಂದೆ ಗೋಣಿಚೀಲ ತಬ್ಬಿ ಕುಳಿತಿದ್ದ 16 ವರ್ಷದ ಹುಡುಗನ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಓಡಿಸುತ್ತಿದ್ದ 22ರ ಯುವಕ ಬೈಕನ್ನು ಎತ್ತಿ ನಿಲ್ಲಿಸಿ, ಅದು ಚಾಲೂ ಆಗುತ್ತದೆ ಎಂದು ಗೊತ್ತಾದದ್ದೇ ತಡ, ಹೊರಟುಹೋದ.

ಹಿಂದಿನಿಂದ ಸ್ಕೂಟರಿನಲ್ಲಿ ಇನ್ನಿಬ್ಬರು ಬರುತ್ತಿದ್ದರು. ಅವರಲ್ಲಿ 17ರವನು ಮನೆಗೆ ಹೋಗಿ ಜೀಪು ತರಿಸುತ್ತೇನೆ ಎಂದು ಗಾಡಿ ತಿರುಗಿಸಿದ. 14ರವನು ಗಾಯಾಳುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಅಲ್ಲೇ ಕುಳಿತ. ಜೀಪು ಬರಲಿಲ್ಲ. ಹೋದವನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಹೊದ್ದು ಮಲಗಿಬಿಟ್ಟಿದ್ದ. ಆ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ದಾಟುತ್ತದೆ ಎಂಬುದು ಕಿರಿಯವನಿಗೆ ಚೆನ್ನಾಗಿ ಗೊತ್ತಿತ್ತು. ಬ್ಯಾಟರಿ ಮುಗಿಯುತ್ತಾ ಬಂದಾಗ ಅವನು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳತ್ತ ಓಡಿ ಕೂಗಿ ಜನರನ್ನು ಎಬ್ಬಿಸಿದ. ತೋಟದ ಪಿಕಪ್‌ನಲ್ಲಿ ಗಾಯಾಳು ಆಸ್ಪತ್ರೆ ಸೇರುವಾಗ ಗಂಟೆ ಎರಡು ದಾಟಿತ್ತು.

18 ತುಂಬದವರ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಗೆ ಈ ಮೂವರು ಹುಡುಗರ ಸಾಮಾಜಿಕ ತನಿಖಾ ವರದಿ, ಅಂದರೆ ಅವರ ಹಿನ್ನೆಲೆಯ ವರದಿ, ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಮಿನ ಪ್ರಕಾರ ಮಕ್ಕಳ ಗುರುತು ಹೊರಗೆಡಹುವುದು ಅಪರಾಧ. ಹಾಗಾಗಿ ಹೆಸರು, ಊರು, ತೋಟ ಯಾವುದೂ ಇಲ್ಲಿಲ್ಲ. ಪತ್ತೆಗೆ ದಾರಿಯಾಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗರನ್ನು ಬೆಳೆಗಾರರ ಮಗ, ಲೈನ್ ಮನೆಯ ಹುಡುಗ, ಕಿರಿಯವನು ಎಂದೇ ಕರೆಯುತ್ತೇನೆ. ನಾಲ್ಕನೆಯವನು ಗ್ಯಾರೇಜಿನವನು. ಅವನು ವಯಸ್ಕ, ಅವನ ವಿಚಾರಣೆ ಬೇರೆ ನ್ಯಾಯಾಲಯದ್ದು. ಮಗು ಮತ್ತು ವಯಸ್ಕ ಸೇರಿ ಮಾಡಿದ ಅಪರಾಧವಾದರೂ ಇಬ್ಬರನ್ನು ಒಟ್ಟಿಗೆ ವಿಚಾರಿಸುವಂತಿಲ್ಲ.

ಮೂವರು ಹುಡುಗರು

ಬೆಳೆಗಾರರ ಮಗ ದ್ವಿತೀಯ ಪಿಯುಸಿ. ಎಂಟು ಎಕರೆ ತೋಟ, ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮನೆಯಲ್ಲಿ ಕೊರತೆ ಎಂಬುದಿಲ್ಲ, ಆದರೆ ಕೈಗೆ ದುಡ್ಡು ಕೊಡುವ ವಾಡಿಕೆಯೂ ಇಲ್ಲ. ಮಗನಿಗೆ ಸ್ಕೂಟರಿನ ಕೀಲಿ ಸಿಕ್ಕಿದ್ದು 15ನೇ ವಯಸ್ಸಿಗೆ, ಹಾಲು ತರಲು ಅಂತ. ಯಾವ ಮನೆಯವರು ಯಾವಾಗ ಮೆಣಸು ಕೊಯ್ಯುತ್ತಾರೆ, ಯಾರ ಕಣದಲ್ಲಿ ಎಷ್ಟು ದಿನದಿಂದ ಒಣಗುತ್ತಿದೆ, ಯಾರ ನಾಯಿ ಕಟ್ಟಿಹಾಕಿರುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಕಳವಿನ ಯೋಜನೆ ಅವನದು. ಇದನ್ನು ಅವನೇ ನನಗೆ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ಲೈನ್ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಅನುತ್ತೀರ್ಣನಾಗಿ ತೋಟದ ಕೆಲಸಕ್ಕೆ ಇಳಿದಿದ್ದ. ಅಪ್ಪ, ಅಮ್ಮ ಇಬ್ಬರೂ ಅದೇ ತೋಟದ ಕಾರ್ಮಿಕರು. ಮೆಣಸು ಕೊಯ್ಯುವ ಒಂಟಿ ಏಣಿಯನ್ನು ಹೆಗಲ ಮೇಲೆ ಹೊತ್ತು ಮರದಿಂದ ಮರಕ್ಕೆ ಸಾಗಿಸುವ ಕೆಲಸ ಮಾಡಿ ಮಾಡಿ ತೋಳು ಗಟ್ಟಿಯಾಗಿತ್ತು. ಈ ತೋಳೇ ಅವನಿಗೆ ಮುಳುವಾಯಿತು. ನೋಡಲು ದೊಡ್ಡವನಂತೆ ಕಂಡಿದ್ದರಿಂದ ಠಾಣೆಯ ಮೊದಲ ಬರಹದಲ್ಲಿ ಅವನ ವಯಸ್ಸು 19 ಎಂದು ನಮೂದಾಗಿತ್ತು. ಶಾಲೆಯ ದಾಖಲಾತಿ ತರಿಸಿ ನೋಡಿದಾಗ 16 ವರ್ಷ 7 ತಿಂಗಳು. ಕಾಯ್ದೆಯ 94ನೇ ಕಲಮು ವಯಸ್ಸು ತೀರ್ಮಾನಿಸಲು ಮೊದಲು ನೋಡಬೇಕಾದದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಮೈಕಟ್ಟು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಅವನ ತಾಯಿ ಆಸ್ಪತ್ರೆಯ ಜಗಲಿಯಲ್ಲಿ ಸಿಕ್ಕಿದರು. ಮಗ ರಾತ್ರಿ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿರಲಿಲ್ಲವೇ ಎಂದೆ. “ಹೋಗುವುದು ಗೊತ್ತಿತ್ತು ಮೇಡಂ. ಸಾಹುಕಾರರ ಮಗನ ಜೊತೆಯಲ್ಲವೇ ಹೋಗುವುದು ಎಂದು ಧೈರ್ಯವಾಗಿದ್ದೆ” ಎಂದರು. ನನ್ನ ವರದಿಯಲ್ಲಿ ಆ ಮಾತನ್ನು ಹಾಗೆಯೇ ಬರೆದಿದ್ದೇನೆ.

ಕಿರಿಯವನು ಒಂಬತ್ತನೇ ತರಗತಿ. ತಂದೆ ಇಲ್ಲ, ತಾಯಿ ಕೇರಳದಲ್ಲಿ ಮನೆಗೆಲಸ, ಇವನು ಅಜ್ಜಿಯ ಜೊತೆ. ಏಳು, ಎಂಟನೇ ತರಗತಿಯಲ್ಲಿ ಶಾಲಾ ಹಾಕಿ ತಂಡದಲ್ಲಿದ್ದ. ಅಭ್ಯಾಸ ಮುಗಿಸಿ ಬರುವ ಹೊತ್ತಿಗೆ ಊರಿನ ಕೊನೆಯ ಬಸ್ ಹೋಗಿಬಿಡುತ್ತಿತ್ತು. ಮೊದಮೊದಲು ಯಾರಾದರೂ ಕರೆತರುತ್ತಿದ್ದರು, ಆಮೇಲೆ ಯಾರೂ ಇರಲಿಲ್ಲ, ಹಾಕಿ ಬಿಟ್ಟ. ಅದೇ ತಿಂಗಳುಗಳಲ್ಲಿ ಬೆಳೆಗಾರರ ಮಗನ ಸ್ಕೂಟರಿನ ಹಿಂದಿನ ಸೀಟು ಅವನ ಪಾಲಿಗೆ ಖಾಯಂ ಆಯಿತು. ಕಳವಿನಲ್ಲಿ ಅವನ ಕೆಲಸ ಕಾವಲು: ಯಾರಾದರೂ ಬಂದರೆ ಮೊಬೈಲಿಗೆ ಮಿಸ್ಡ್ ಕಾಲ್.

ಗ್ಯಾರೇಜಿನವನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೈಲೆನ್ಸರ್ ಬದಲಿಸಿಕೊಡುತ್ತಿದ್ದ, ರಿಪೇರಿಗೆ ಬಂದ ಗಾಡಿಗಳನ್ನು ರಾತ್ರಿ ಓಡಿಸಲು ಕೊಡುತ್ತಿದ್ದ, ಬೀಡಿಗೆ ತುಂಬಿದ ಗಾಂಜಾವನ್ನು ಮೊದಲು ಪುಕ್ಕಟೆಯಾಗಿ, ಆಮೇಲೆ ಲೆಕ್ಕಕ್ಕೆ ಕೊಡುತ್ತಿದ್ದ. ಹುಡುಗರ ಕಣ್ಣಿಗೆ ಅವನು ‘ಅಣ್ಣ’.

ಮೆಣಸು ಸಾಗಿದ ದಾರಿ

ಮೊದಲ ಕಳವು ನಡೆದದ್ದು ಬೆಳೆಗಾರರ ಮಗನ ಸ್ವಂತ ಮನೆಯ ಕಣದಲ್ಲಿ. ಫೆಬ್ರವರಿ ಮೊದಲ ವಾರ, ಟಾರ್ಪಾಲಿನ ಒಂದು ಮೂಲೆಯಿಂದ ಒಂದಿಷ್ಟು ಬಾಚಿಕೊಂಡ. ಇದನ್ನು ಕೇಳಿದ ಊರಿನ ಹಿರಿಯರೊಬ್ಬರು ನಕ್ಕುಬಿಟ್ಟರು. ಅವರೂ ಹುಡುಗರಾಗಿದ್ದಾಗ ಮನೆಯ ಮೆಣಸನ್ನು ಜೇಬಿಗೆ ತುಂಬಿ ಸಿನಿಮಾ ನೋಡಿದವರೇ. ಕೊಡಗಿನ ತೋಟದ ಮನೆಗಳಲ್ಲಿ ಇದು ಹಳೆಯ ಕಥೆ. ಮನೆಯದನ್ನು ಕದ್ದು ಮಾರಿದರೆ ತುಂಟತನ, ಪಕ್ಕದ ಮನೆಯದನ್ನು ಮಾರಿದರೆ ಕಳವು. ಆದರೆ ಕೊಳ್ಳುವವನ ತಕ್ಕಡಿಗೆ ಎರಡೂ ಒಂದೇ. ಯಾರ ಮನೆಯದು ಎಂದು ಕೇಳದೆ ತೂಗುವ ಅಂಗಡಿ ಹತ್ತಿರದಲ್ಲೇ ಇದೆ ಎಂದು ಹುಡುಗರಿಗೆ ಗೊತ್ತಾಗುವುದು ಈ ತುಂಟತನದ ದಿನಗಳಲ್ಲೇ.

ಆಮೇಲೆ ಐದು ರಾತ್ರಿ, ಬೇರೆ ಬೇರೆ ಕಣಗಳು. ಪ್ರತಿ ಸಲ ಹತ್ತು ಕಿಲೋ ಆಸುಪಾಸು. ಹೆಚ್ಚು ತೆಗೆದರೆ ಗೊತ್ತಾಗುತ್ತದೆ. ಹತ್ತು ಕಿಲೋ ಕಡಿಮೆಯಾದರೆ ಒಣಗಿ ತೂಕ ಇಳಿದಿದೆ ಎಂದು ಬೆಳೆಗಾರರೇ ಸಮಾಧಾನ ಮಾಡಿಕೊಳ್ಳುತ್ತಾರೆ. ಹಸಿ ಮೆಣಸು ಒಣಗಿದಾಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದೂ ಬಿಸಿಲಿನ ಮೇಲೆ ಹೆಚ್ಚುಕಡಿಮೆ. ಈ ಸಡಿಲು ಲೆಕ್ಕದೊಳಗೆ ಹತ್ತು ಕಿಲೋ ಅಡಗಿಹೋಗುತ್ತದೆ ಎಂಬುದನ್ನು 17 ವರ್ಷದ ಹುಡುಗ ಕಂಡುಕೊಂಡಿದ್ದ.

ಹತ್ತು ಕಿಲೋ ಹೇಗೆ ಹಂಚಿಹೋಗುತ್ತಿತ್ತು ಎಂಬುದನ್ನು ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡೆ. ಮೂರೂ ಲೆಕ್ಕ ಬಹುಮಟ್ಟಿಗೆ ತಾಳೆಯಾದವು. ಆಗ ಮಾರುಕಟ್ಟೆಯಲ್ಲಿ ಕಿಲೋ ಮೆಣಸಿಗೆ 600 ರೂಪಾಯಿ ದಾಟಿತ್ತು. ಅಂಗಡಿಯವನು ಇವರಿಗೆ ಕೊಡುತ್ತಿದ್ದದ್ದು 250. ಹತ್ತು ಕಿಲೋಗೆ 2,500. ಅದರಲ್ಲಿ ಗ್ಯಾರೇಜಿನವನು ಪೆಟ್ರೋಲ್ ಮತ್ತು ಗಾಡಿಯ ಹೆಸರಿನಲ್ಲಿ 1,000 ಹಿಡಿದುಕೊಳ್ಳುತ್ತಿದ್ದ. ಬೆಳೆಗಾರರ ಮಗನಿಗೆ 800. ಕಣಕ್ಕೆ ಇಳಿದು ಚೀಲ ತುಂಬಿ ಹೊತ್ತು ತರುತ್ತಿದ್ದ ಲೈನ್ ಮನೆಯ ಹುಡುಗನಿಗೆ 500. ಕಾವಲುಗಾರನಿಗೆ 200, ಅದರಲ್ಲೂ ಗಾಂಜಾದ ಬಾಕಿ ಕಳೆದು. ನಾಲ್ವರು ನಿದ್ದೆಗೆಟ್ಟು, ನಾಯಿ ಮತ್ತು ಆನೆಗೆ ಹೆದರಿ ಸಂಪಾದಿಸಿದ್ದಕ್ಕಿಂತ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದವನಿಗೆ ಹೆಚ್ಚು ಉಳಿಯುತ್ತಿತ್ತು: ಕಡಿಮೆಯೆಂದರೂ 3,500.

ಅಂಗಡಿಯವನನ್ನು ಠಾಣೆಯಲ್ಲೇ ಮಾತನಾಡಿಸಿದೆ. “ನಮ್ಮಲ್ಲಿಗೆ ಎಲ್ಲರ ಮಕ್ಕಳೂ ತರುತ್ತಾರೆ. ಯಾರ ತೋಟದ್ದು ಎಂದು ಮೆಣಸಿನ ಮೇಲೆ ಬರೆದಿರುತ್ತದೆಯೇ?” ಎಂದ. ಬರೆದಿರುವುದಿಲ್ಲ, ನಿಜ. ಆದರೆ ಪೇಟೆಯ ದರದ ಅರ್ಧಕ್ಕಿಂತ ಕಡಿಮೆಗೆ, ರಾತ್ರಿ ಹನ್ನೆರಡಕ್ಕೆ, ಹಿಂಬಾಗಿಲಿನಿಂದ ಮಾರಲು ಬಂದ ಮೆಣಸು ಎಲ್ಲಿಂದ ಬಂತು ಎಂದು ಊಹಿಸಲು ಮೆಣಸನ್ನು ಓದಬೇಕಾಗಿಲ್ಲ.

ನಾನು ಈ ಪ್ರಕರಣದಿಂದ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಬಾಲಾಪರಾಧ ಎಂದು ಕರೆಯುವ ಈ ಸರಪಳಿಯ ಎರಡು ತುದಿಯಲ್ಲೂ ವಯಸ್ಕರಿದ್ದರು. ಒಂದು ತುದಿಯಲ್ಲಿ ಗಾಡಿ ಕೊಟ್ಟವನು, ಇನ್ನೊಂದರಲ್ಲಿ ಸರಕು ಕೊಂಡವನು. ನಡುವಿನ ಕೊಂಡಿಗಳು ಮಾತ್ರ ಮಕ್ಕಳು. ಹಿಡಿಯಲು ಸುಲಭವಾದದ್ದು ಆ ನಡುವಿನ ಕೊಂಡಿ, ಹಾಗಾಗಿ ಊರು ಅದನ್ನೇ ಹಿಡಿದೆಳೆಯಿತು.

ರಾತ್ರಿ ಯಾರದು?

ವರದಿಗೆ ಕುಳಿತಾಗ ನಾನು ಮೊದಲು ಮಾಡಿದ್ದು ಒಂದು ಹಾಳೆಯಲ್ಲಿ ಆರು ರಾತ್ರಿಗಳನ್ನು ಗುರುತಿಸಿ, ಪಕ್ಕದಲ್ಲಿ ಆ ಹೊತ್ತಿಗೆ ಊರಿನಲ್ಲಿ ಯಾರು ಎಲ್ಲಿದ್ದರು ಎಂದು ಬರೆದದ್ದು. ಹುಡುಗರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅನುಭವ.

ಜನವರಿಯಿಂದ ಮಾರ್ಚ್‌ವರೆಗೆ ತೋಟದ ಊರುಗಳಲ್ಲಿ ದೊಡ್ಡವರಿಗೆ ಬಿಡುವೆಂಬುದಿಲ್ಲ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸು ಹಣ್ಣಾಗುತ್ತದೆ, ಅದರ ಬೆನ್ನಿಗೇ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ಕಾರ್ಮಿಕರಿಗೆ ಕಿಲೋ ಲೆಕ್ಕದ ಕೊಯ್ಲು, ಕತ್ತಲಾಗುವ ತನಕ ತೂಕ. ಸಂಜೆ ಆರರವರೆಗೆ ಲೈನ್ ಮನೆಗಳಲ್ಲಿ ಮಕ್ಕಳಷ್ಟೇ. ಆರರ ಮೇಲೆ ಚಿತ್ರ ತಿರುಗಿಬೀಳುತ್ತದೆ: ಸಿದ್ದಾಪುರದ ಸುತ್ತಮುತ್ತ ಆನೆಯ ಭಯಕ್ಕೆ ದೊಡ್ಡವರು ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ತೋಟದೊಳಗೇ ಬೀಡುಬಿಟ್ಟ ಆನೆಗಳು, ಬೆಳಗಿನ ಜಾವ ಕೆಲಸಕ್ಕೆ ಹೊರಟ ಕಾರ್ಮಿಕರ ಮೇಲೆ ದಾಳಿ, ಇವೆಲ್ಲ ಇಲ್ಲಿ ಸುದ್ದಿಯಷ್ಟೇ ಅಲ್ಲ, ದಿನಚರಿ. ಕಣದ ಕಾವಲಿಗೆ ಇದ್ದವರೂ ರಾತ್ರಿ ಹೊರಗೆ ಕೂರುವುದನ್ನು ಬಿಟ್ಟಿದ್ದರು. ಹೀಗೆ ಸಂಜೆ ಏಳರಿಂದ ನಡುರಾತ್ರಿಯವರೆಗೆ ಊರಿನ ರಸ್ತೆ, ಕಣ, ತಿರುವು ಎಲ್ಲವೂ ಎರಡು ಬಗೆಯವರಿಗೆ ಬಿಟ್ಟುಕೊಟ್ಟಂತಾಗಿತ್ತು, ಆನೆಗಳಿಗೆ ಮತ್ತು ಹೆದರದ ಹುಡುಗರಿಗೆ. ಅರಣ್ಯ ಇಲಾಖೆಯ ಗಸ್ತು ಜೀಪು ಯಾವ ಕಡೆ ಇದೆ ಎಂಬುದನ್ನು ನೋಡಿಕೊಂಡೇ ಇವರು ಕಣ ಆರಿಸುತ್ತಿದ್ದರು. ಜೀಪು ಎಲ್ಲಿದೆಯೋ ಆನೆ ಅಲ್ಲಿ. ಬೇರೆ ದಿಕ್ಕು ಇವರದು.

ಹೆಡ್‌ಲೈಟ್ ಆರಿಸಿ ಓಡಿಸುವುದು ಸಿಕ್ಕಿಬೀಳಬಾರದು ಎಂದಷ್ಟೇ ಅಲ್ಲ ಎಂಬುದು ಮಾತಾಡುತ್ತಾ ಗೊತ್ತಾಯಿತು. ಅದೊಂದು ಪಂದ್ಯ. ಬೆಳದಿಂಗಳಿದ್ದರೆ ದೀಪವಿಲ್ಲದೆ ಎಷ್ಟು ದೂರ ಹೋಗುತ್ತೀಯ ಎಂಬ ಪಂದ್ಯ. ಒಬ್ಬನೇ ಇದ್ದಾಗ ಹೀಗೆ ಓಡಿಸಿದ್ದುಂಟೇ ಎಂದು ಬೆಳೆಗಾರರ ಮಗನನ್ನು ಕೇಳಿದೆ. “ಒಬ್ಬನೇ ಇದ್ದಾಗ ಏಕೆ ಓಡಿಸಲಿ?” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ. ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟ ಆಡಿಸಿ ನೋಡಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಹೆಚ್ಚೇನೂ ಕಾಣಲಿಲ್ಲ. ಹುಡುಗನ ಮರುಪ್ರಶ್ನೆಯಲ್ಲಿ ಆ ಅಧ್ಯಯನದ ಸಾರವೆಲ್ಲ ಇತ್ತು.

ಊರು ಮತ್ತು ಠಾಣೆ

ಸೋಮವಾರ ಬೆಳಿಗ್ಗೆ ಸಿಕ್ಕಿದ್ದು ಕಿರಿಯವನೊಬ್ಬನೇ. ಅವನನ್ನು ಒಂದು ಕಣದಲ್ಲಿ ಕೂರಿಸಿ, ಉಳಿದ ಮೆಣಸಿನ ಚೀಲವನ್ನು ಮಡಿಲಲ್ಲಿ ಇಡಿಸಿ ಚಿತ್ರ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆ ಚಿತ್ರ ಸುತ್ತಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ‘ಮೆಣಸು ಕಳ್ಳರ ಬಂಧನ’ ಎಂಬ ಸಾಲಿನೊಂದಿಗೆ. ಜೊತೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಲೈನ್ ಮನೆಯ ಹುಡುಗನ ಚಿತ್ರ. ಆ ದಿನ ಸೇರಿದವರಲ್ಲಿ ಗಟ್ಟಿ ದನಿಯಲ್ಲಿ ಕಠಿಣ ಕ್ರಮ ಬೇಕೆಂದವರು ಬೆಳೆಗಾರರ ಮಗನ ತಂದೆ. ಮಂಗಳವಾರ ಸಂಜೆ ಸ್ಕೂಟರಿನ ಸಂಗತಿ ಹೊರಬಿತ್ತು. ಆಮೇಲೆ ಯಾರೂ ಯಾರ ಚಿತ್ರವನ್ನೂ ತೆಗೆಯಲಿಲ್ಲ. ಮೂವರಲ್ಲಿ ಯೋಜನೆ ಹಾಕಿದವನ ಮುಖವೊಂದೇ ಇಂದಿಗೂ ಯಾವ ಮೊಬೈಲಿನಲ್ಲೂ ಇಲ್ಲ.

ಈ ಬೆಳವಣಿಗೆಯ ನಂತರ ಊರಿನ ಮಾತು ಬದಲಾಯಿತು. ‘ಮಕ್ಕಳು, ತಿಳಿಯದೆ ಮಾಡಿದ್ದಾರೆ, ಕೂತು ಬಗೆಹರಿಸಿಕೊಳ್ಳೋಣ’ ಎಂಬ ವಾದ ಎದ್ದಿತು. ರಾಜಿಗೆ ನನ್ನ ವಿರೋಧವಿಲ್ಲ. ಆದರೆ ಮೇಜಿನ ಮೇಲಿದ್ದ ರಾಜಿಯಲ್ಲಿ ಒಂದು ಮನೆ ದುಡ್ಡು ಕೊಟ್ಟು ಬಿಡುಗಡೆಯಾಗುವುದು, ಇನ್ನೊಂದು ಮನೆ ಲೈನ್ ಖಾಲಿ ಮಾಡಿ ಹೋಗುವುದು ಎಂದಿತ್ತು. ಅಷ್ಟೇ ಅಲ್ಲ, ಫೆಬ್ರವರಿಯಲ್ಲೇ ಒಬ್ಬ ಬೆಳೆಗಾರರು ಮೆಣಸು ಕಡಿಮೆಯಾಗಿದೆ ಎಂಬ ಅನುಮಾನದ ಮೇಲೆ ಅಸ್ಸಾಮಿನಿಂದ ಬಂದ ಕಾರ್ಮಿಕ ಕುಟುಂಬವೊಂದನ್ನು ಕೆಲಸದಿಂದ ಬಿಡಿಸಿದ್ದರು. ಆ ಕುಟುಂಬ ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ರಾಜಿಯ ಮಾತುಕತೆಯಲ್ಲಿ ಅವರ ಪ್ರಸ್ತಾಪವೇ ಬರಲಿಲ್ಲ.

ಠಾಣೆಯ ವಿಷಯಕ್ಕೆ ಬಂದರೆ, ವಯಸ್ಸಿನ ಗೊಂದಲ ಒಂದನ್ನು ಬಿಟ್ಟರೆ ಕೆಲಸ ಸರಿಯಾಗಿಯೇ ನಡೆಯಿತು. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಫ್ತಿಯಲ್ಲಿ ಬಂದರು, ಲಾಕಪ್ಪಿಗೆ ಹಾಕಲಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಿದರು. ಇಲ್ಲೊಂದು ಅಂಶ ಬಹಳ ಜನಕ್ಕೆ ತಿಳಿದಿಲ್ಲ: ಮಗು ಮಾಡಿದ ಅಪರಾಧಕ್ಕೆ ವಯಸ್ಕರಿಗೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇಲ್ಲದಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವಂತಿಲ್ಲ, ಠಾಣೆಯ ದಿನಚರಿಯಲ್ಲಿ ನಮೂದಿಸಿ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳುಹಿಸಬೇಕು. ತೆರೆದ ಕಣದಿಂದ ಮಾಡಿದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಗರಿಷ್ಠ ಮೂರು ವರ್ಷ. ಅಂದರೆ ಬಾಲ ನ್ಯಾಯ ಕಾಯ್ದೆಯ ವರ್ಗೀಕರಣದಲ್ಲಿ ಇದು ಸಣ್ಣ ಅಪರಾಧ. ಆದರೂ ಇಲ್ಲಿ ಎಫ್‌ಐಆರ್ ಆಯಿತು, ಏಕೆಂದರೆ ವಯಸ್ಕನ ಜೊತೆ ಸೇರಿ ಮಾಡಿದ ಅಪರಾಧಕ್ಕೆ ಆ ವಿನಾಯಿತಿ ಇಲ್ಲ. ಗ್ಯಾರೇಜಿನವನ ಸಹವಾಸಕ್ಕೆ ಹುಡುಗರು ತೆತ್ತ ಬೆಲೆಗಳಲ್ಲಿ ಇದೂ ಒಂದು.

ಅಧಿಕಾರಿಯೊಬ್ಬರು, ಕಾಳಜಿಯಿಂದಲೇ, ಒಂದು ಸಲಹೆ ಕೊಟ್ಟರು. “ಒಂದು ದಿನ ಜೈಲು ತೋರಿಸಿಕೊಂಡು ಬರೋಣ ಮೇಡಂ. ಜನ್ಮದಲ್ಲಿ ಇತ್ತ ತಲೆ ಹಾಕುವುದಿಲ್ಲ.” ಕೇಳಲು ಸರಿಯೆನಿಸುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ ಹುಡುಗರನ್ನು ಸೆರೆಮನೆಗೆ ಕರೆದೊಯ್ದು ಕೈದಿಗಳಿಂದ ಬೆದರಿಸುವ ಕಾರ್ಯಕ್ರಮಗಳು ನಡೆದವು. ಅವುಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಾಗೆ ಹೋಗಿಬಂದ ಹುಡುಗರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಬೆದರಿಕೆ ಎರಡು ದಿನದಲ್ಲಿ ಇಳಿಯುತ್ತದೆ, ಜೈಲು ನೋಡಿ ಬಂದವನೆಂಬ ಹೆಸರು ಉಳಿಯುತ್ತದೆ; ಹುಡುಗರ ಗುಂಪಿನಲ್ಲಿ ಆ ಹೆಸರಿಗೆ ಬೆಲೆಯೂ ಇದೆ. ಅಧಿಕಾರಿ ಒಪ್ಪಿಕೊಂಡರೋ ಬಿಟ್ಟರೋ, ಜೈಲಿನ ಪ್ರವಾಸವಂತೂ ನಡೆಯಲಿಲ್ಲ.

ಅಂಕಿ ಏರಿದ ತಿಂಗಳು

ಅದೇ ಏಪ್ರಿಲ್‌ನಲ್ಲಿ ಊರಿನ ಸಭೆಯೊಂದರಲ್ಲಿ ‘ಕೊಡಗಿನಲ್ಲಿ ಬಾಲಾಪರಾಧ ವಿಪರೀತ ಏರುತ್ತಿದೆ’ ಎಂಬ ಭಾಷಣ ಕೇಳಿದೆ. ಈ ಪ್ರಕರಣವೇ ಅದಕ್ಕೆ ಉದಾಹರಣೆ. ತಮಾಷೆಯೆಂದರೆ, ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ, ಅಂದರೆ ಕಳವು ನಡೆಯುತ್ತಿದ್ದಷ್ಟು ದಿನ, ಠಾಣೆಗೆ ಒಂದು ದೂರೂ ಬಂದಿರಲಿಲ್ಲ. ಮೋರಿಯ ಅಪಘಾತವಾದ ಮೇಲೆ ಆರೂ ಕಳವು ಒಟ್ಟಿಗೆ ಕಡತಕ್ಕೆ ಸೇರಿದವು. ದಾಖಲೆಯಲ್ಲಿ ಬಾಲಾಪರಾಧ ಏರಿದ ತಿಂಗಳಲ್ಲೇ ನೆಲದ ಮೇಲೆ ಅದು ನಿಂತಿತ್ತು.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಸಣ್ಣ ಜಿಲ್ಲೆಯಲ್ಲಿ ಒಂದೇ ಗುಂಪು ಸಿಕ್ಕಿಬಿದ್ದರೂ ಆ ವರ್ಷದ ಅಂಕಿ ಜಿಗಿಯುತ್ತದೆ, ಮರುವರ್ಷ ಕುಸಿಯುತ್ತದೆ. ಎರಡು ವರ್ಷ ಹೋಲಿಸಿ ಶೇಕಡಾವಾರು ಹೇಳುವುದು ಇಲ್ಲಿ ಬಹುತೇಕ ಅರ್ಥಹೀನ. ದೇಶದ ಮಟ್ಟದಲ್ಲಿ ನೋಡಿದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಬಾಲಾಪರಾಧದ ಪ್ರಕರಣಗಳು 2022ರಲ್ಲಿ 30,555, 2023ರಲ್ಲಿ 31,365. ಏರಿಕೆಯೇ ಹೌದು, ಆದರೆ ಭಾಷಣದಲ್ಲಿ ಕೇಳಿದಂಥ ಪ್ರವಾಹವಲ್ಲ. ಅಂಕಿಗಳಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದ ಸಂಗತಿ ಒಂದಿದೆ, ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ: ಹಿಡಿಯಲ್ಪಟ್ಟವರಲ್ಲಿ ಸುಮಾರು ಶೇ 79ರಷ್ಟು 16ರಿಂದ 18 ವರ್ಷದೊಳಗಿನವರು. ಜಗತ್ತಿನ ಹಲವು ಕಡೆ ಅಪರಾಧ ಮತ್ತು ವಯಸ್ಸಿನ ಸಂಬಂಧ ಅಳೆದವರು ಕಂಡದ್ದೂ ಇದನ್ನೇ. ಹದಿಹರೆಯದ ಕೊನೆಯಲ್ಲಿ ಗೆರೆ ಶಿಖರ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಬಹುಪಾಲು ಹುಡುಗರು ಯಾರ ಉಪದೇಶವೂ ಇಲ್ಲದೆ ಇದರಿಂದ ಹೊರಬರುತ್ತಾರೆ. ಹಾಗಾಗಿ ಈ ಎರಡು ವರ್ಷಗಳಲ್ಲಿ ದೊಡ್ಡವರು ಮಾಡಬೇಕಾದ ಮೊದಲ ಕೆಲಸ ಹುಡುಗರು ಹೊರಬರುವ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕದಿರುವುದು. ಕಣದಲ್ಲಿ ಕೂರಿಸಿ ತೆಗೆದ ಚಿತ್ರ ಅಂಥದ್ದೊಂದು ಚಿಲಕ.

ಮಂಡಳಿಯ ಮುಂದೆ

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ವಿಚಾರಣೆ ಕಾನೂನು ಹೇಳುವ ನಾಲ್ಕು ತಿಂಗಳಿಗಿಂತ ಮೊದಲೇ ಮುಗಿಯಿತು. ನನ್ನ ವರದಿಯಲ್ಲಿ ಮೂವರಿಗೂ ಒಂದೇ ಆದೇಶ ಬೇಡ ಎಂದು ಒತ್ತಿ ಬರೆದಿದ್ದೆ. ಮೂವರನ್ನೂ ಒಟ್ಟಿಗೆ ಗುಂಪು ಆಪ್ತಸಮಾಲೋಚನೆಗೆ ಹಾಕುವುದು ಆಡಳಿತಕ್ಕೆ ಸುಲಭ, ಆದರೆ ಬೇರೆಯಾಗಬೇಕಾದವರನ್ನು ಸರಕಾರದ ಖರ್ಚಿನಲ್ಲಿ ವಾರಕ್ಕೊಮ್ಮೆ ಸೇರಿಸಿದಂತೆ.

ಬೆಳೆಗಾರರ ಮಗನಿಗೆ ತಂದೆಯ ಮುಚ್ಚಳಿಕೆಯ ಮೇಲೆ ಒಂದು ವರ್ಷದ ಸನ್ನಡತೆಯ ಪರಿವೀಕ್ಷಣೆ, ಜೊತೆಗೆ ಸಮುದಾಯ ಸೇವೆ. ತಂದೆಯ ಮೇಲೆ ಪ್ರತ್ಯೇಕವಾಗಿ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕರಣ. 2019ರ ತಿದ್ದುಪಡಿಯಿಂದ ಬಂದ ಈ ಕಲಮಿನಲ್ಲಿ ಅಪ್ರಾಪ್ತರ ಕೈಗೆ ಗಾಡಿ ಸಿಕ್ಕಿದರೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಹಾಲು ತರಲು ಕೊಟ್ಟ ಕೀಲಿಗೆ ಇಷ್ಟು ದೊಡ್ಡ ಬೆಲೆಯೇ ಎಂದು ಅವರು ನನ್ನನ್ನು ಕೇಳಿದರು. ಮೋರಿಯ ತಿರುವಿನಲ್ಲಿ ಇನ್ನೂ ದೊಡ್ಡ ಬೆಲೆ ತೆರಬೇಕಾಗಬಹುದಿತ್ತು ಎಂದಷ್ಟೇ ಹೇಳಿ ಬಂದೆ.

ಲೈನ್ ಮನೆಯ ಹುಡುಗನಿಗೆ ಬುದ್ಧಿಮಾತು ಹೇಳಿ ಮನೆಗೆ ಕಳುಹಿಸುವ ಆದೇಶ, ಜೊತೆಗೆ ಓದು ಮುಂದುವರಿಸಬೇಕೆಂಬ ಷರತ್ತು. ಕಾಲು ಕೂಡಿಕೊಳ್ಳುವವರೆಗೆ ಹೇಗೂ ಕೆಲಸಕ್ಕೆ ಹೋಗುವಂತಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, ಯಾರೂ ಕೇಳದೆಯೇ, ಸಂಜೆ ಅವನಿಗೆ ಗಣಿತ ಹೇಳಿಕೊಡಲು ಒಪ್ಪಿದರು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್ಸೆಸ್ಸೆಲ್ಸಿ ಪರೀಕ್ಷೆಗಳಿದ್ದುದರಿಂದ ಒಂದು ವರ್ಷ ಕಾಯಬೇಕಾಗಲಿಲ್ಲ. ಊರುಗೋಲಿನ ಮೇಲೆ ಹೋಗಿ ಬರೆದು ಕಷ್ಟಪಟ್ಟು ಪಾಸಾದ.

ಕಿರಿಯವನ ಬಗ್ಗೆ ವರದಿಯಲ್ಲಿ ಒಂದು ಪುಟ ಹೆಚ್ಚಿಗೆ ಬರೆದೆ. ಅಪರಾಧದಲ್ಲಿ ಅವನ ಪಾಲು ಎಲ್ಲರಿಗಿಂತ ಕಡಿಮೆ, ಆ ರಾತ್ರಿ ಎಲ್ಲರಿಗಿಂತ ದೊಡ್ಡವನಂತೆ ನಡೆದುಕೊಂಡವನೂ ಅವನೇ. ಆದರೆ ಶಿಕ್ಷೆ ಅವನಿಗೇ ಹೆಚ್ಚು ತಟ್ಟಿತ್ತು. ಚಿತ್ರ ಹರಿದಾಡಿದ ಮೇಲೆ ಶಾಲೆಗೆ ಕಾಲಿಡಲಿಲ್ಲ. ಪ್ರಕರಣ ಮುಗಿದು ಕಾಲಾವಧಿ ಕಳೆದ ಮೇಲೆ ಮಂಡಳಿಯ ದಾಖಲೆಗಳು ನಾಶವಾಗುತ್ತವೆ, ಮುಂದೆ ಉದ್ಯೋಗಕ್ಕಾಗಲಿ ಪಾಸ್‌ಪೋರ್ಟಿಗಾಗಲಿ ಅಡ್ಡಿಯಿಲ್ಲ ಎಂದು ಅಜ್ಜಿಗೆ ವಿವರಿಸಿದೆ. “ಕೋರ್ಟಿನ ಕಾಗದ ಹರಿಯುತ್ತೀರಿ. ಇವರ ಮೊಬೈಲಿನಲ್ಲಿರುವುದನ್ನು ಯಾರು ಹರಿಯುತ್ತಾರೆ?” ಎಂದರು. ಚಿತ್ರ ಹಂಚಿದವರ ಮೇಲೆ ಕ್ರಮ ಕೈಗೊಳ್ಳಲು 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ದೂರು ಕೊಡಲು ಅಜ್ಜಿ ಒಪ್ಪಲಿಲ್ಲ, ಹಂಚಿದವರೆಲ್ಲ ಅಕ್ಕಪಕ್ಕದವರು. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿದೆವು. ಜೂನ್‌ನಲ್ಲಿ ಬೇರೆ ಪೇಟೆಯ ಶಾಲೆ, ಹಾಸ್ಟೆಲ್. ಅಲ್ಲಿ ಮೈದಾನವಿದೆ, ಅಭ್ಯಾಸ ಮುಗಿಸಿ ಬಸ್ ಹಿಡಿಯುವ ಗೋಜಿಲ್ಲ.

ಗ್ಯಾರೇಜಿನವನ ಬೈಕಿನ ಟೂಲ್ ಬಾಕ್ಸಿನಲ್ಲಿ ಕೆಲವು ಗ್ರಾಂ ಗಾಂಜಾ ಸಿಕ್ಕಿತ್ತು. ಮಾದಕ ವಸ್ತು ಕಾಯ್ದೆಯಲ್ಲಿ ಒಂದು ಕಿಲೋವರೆಗೆ ‘ಸಣ್ಣ ಪ್ರಮಾಣ’, ಒಂದು ವರ್ಷದೊಳಗಿನ ಶಿಕ್ಷೆ. ಆದರೆ ಅದೇ ಗಾಂಜಾವನ್ನು ಮಗುವಿನ ಕೈಗೆ ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷದವರೆಗೆ ದಂಡ. ಮಗುವನ್ನು ಅಪರಾಧಕ್ಕೆ ತೊಡಗಿಸಿದ್ದಕ್ಕೆ ನ್ಯಾಯ ಸಂಹಿತೆಯ 95ನೇ ಕಲಮಿನಲ್ಲಿ ಕನಿಷ್ಠ ಮೂರು ವರ್ಷ. ಮೊದಲ ಎಫ್‌ಐಆರ್‌ನಲ್ಲಿ ಇವೆರಡೂ ಇರಲಿಲ್ಲ. ಹುಡುಗರ ಹೇಳಿಕೆಗಳನ್ನು ಲಗತ್ತಿಸಿ ಬರೆದ ಮೇಲೆ ಸೇರಿದವು. ಅಂಗಡಿಯವನ ಮೇಲೆ ಕಳವಿನ ಮಾಲು ಕೊಂಡದ್ದಕ್ಕೆ 317ನೇ ಕಲಮು.

ಮುಂದಿನ ಜನವರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪರಿವೀಕ್ಷಣಾ ವರದಿಗಳು ಬಹಳ ಚೆನ್ನಾಗಿದ್ದವು. ಕೊಡಗಿನ ಮಳೆಯಲ್ಲಿ ಯಾರ ವರದಿ ತಾನೇ ಕೆಟ್ಟದಾಗಿರುತ್ತದೆ? ರಸ್ತೆಯಲ್ಲಿ ಮರ ಬಿದ್ದಿರುತ್ತದೆ, ಕಣ ಪಾಚಿ ಕಟ್ಟಿರುತ್ತದೆ, ಕದಿಯಲು ಮೆಣಸೂ ಇಲ್ಲ, ಸುತ್ತಲು ರಾತ್ರಿಯೂ ಇಲ್ಲ. ಅದನ್ನೇ ನಂಬಿ ಪರಿವೀಕ್ಷಣೆಯನ್ನು ಅವಧಿಗೆ ಮುಂಚೆ ಮುಗಿಸುವ ಮಾತು ಬಂದಾಗ ಬೇಡವೆಂದೆ. ಭೇಟಿಗಳನ್ನು ಮಳೆಗಾಲದಲ್ಲಿ ಕಡಿಮೆ ಮಾಡಿ, ದಸರೆಯ ರಾತ್ರಿಗಳಿಗೆ ಮತ್ತು ಜನವರಿಯಿಂದ ಮಾರ್ಚ್‌ವರೆಗಿನ ಸಂಜೆಗಳಿಗೆ ಉಳಿಸಿಕೊಳ್ಳಬೇಕು ಎಂದು ಕೇಳಿಕೊಂಡೆ. ತಿಂಗಳಿಗೊಂದು ಭೇಟಿ ಎಂಬ ಸಮನಾದ ಹಂಚಿಕೆ ಕಡತಕ್ಕೆ ಅಂದ, ತೋಟದ ಊರಿನ ಹುಡುಗರ ವರ್ಷ ಹಾಗೆ ಸಮನಾಗಿಲ್ಲ.

ಡಿಸೆಂಬರ್‌ನಲ್ಲಿ ಬೆಳೆಗಾರರ ಮಗ ಮತ್ತೆ ಸ್ಕೂಟರ್ ಓಡಿಸುತ್ತಾ ಸಿಕ್ಕ, ಈ ಸಲ ನೆಂಟರದು. ಕಳವಲ್ಲ, ಗಾಂಜಾ ಅಲ್ಲ, ಪೇಟೆಗೆ ಹೋಗಿದ್ದನಂತೆ. ಮಂಡಳಿಗೆ ತಿಳಿಸಿದೆ, ಸಮುದಾಯ ಸೇವೆಯ ಅವಧಿ ಹೆಚ್ಚಾಯಿತು. ಲೈನ್ ಮನೆಯ ಹುಡುಗ ಐಟಿಐ ಸೇರಿದ್ದಾನೆ, ಸ್ವಲ್ಪ ಕುಂಟುತ್ತಾನೆ. ಅವನ ಅಪ್ಪ, ಅಮ್ಮ ಅದೇ ಲೈನ್ ಮನೆಯಲ್ಲಿದ್ದಾರೆ, ಅದಕ್ಕೆ ತೋಟದ ಮಾಲೀಕರನ್ನು ಮೆಚ್ಚಬೇಕು. ಹಾಸ್ಟೆಲಿನ ಕಿರಿಯವನು ಊರಿಗೆ ರಜೆಗೂ ಬರುವುದಿಲ್ಲ, ಅಜ್ಜಿಯೇ ಹೋಗಿ ನೋಡಿ ಬರುತ್ತಾರೆ.

ಸುತ್ತಲಿನ ಬೆಳೆಗಾರರು ಕೂಡಿ ಮೆಣಸು ಕೊಳ್ಳುವ ಅಂಗಡಿಗಳಿಗೆ ಹೋಗಿ, ತಂದವರ ಹೆಸರು, ತೋಟ, ತೂಕ ಬರೆದಿಡಬೇಕು, ಮಕ್ಕಳಿಂದ ಒಂದು ಕಿಲೋವನ್ನೂ ಕೊಳ್ಳಬಾರದು ಎಂದು ಕೇಳಿಕೊಂಡರು. ಕೆಲವರು ಪುಸ್ತಕ ಇಟ್ಟಿದ್ದಾರೆ. ಜಾಮೀನಿನ ಮೇಲೆ ಬಂದ ನಮ್ಮ ಅಂಗಡಿಯವನು ಪುಸ್ತಕವನ್ನೇನೋ ಇಟ್ಟಿದ್ದಾನೆ. ಫೆಬ್ರವರಿಯಲ್ಲಿ ತೆಗೆದು ನೋಡಿದಾಗ ಅದರಲ್ಲಿ ಹಗಲಿನ ವ್ಯವಹಾರಗಳಷ್ಟೇ ಇದ್ದವು. ಅವನ ಮೇಲಿನ ಪ್ರಕರಣದ ವಿಚಾರಣೆ ಇನ್ನೂ ಆರಂಭವಾಗಿಲ್ಲ.